ಮೊದಲ ನಮೂನಿ

ಸೊಲ್ಲಾಪುರ, ಹೋಟಗಿ ರಸ್ತೆ. ರಾತ್ರಿ ಒಂಬತ್ತಕ್ಕೆ ಶಟರ್ ಅರ್ಧ ಇಳಿಸಿ
ಮುಜಾವರ ಮಿಸ್ತ್ರಿಯ ರಿವೈಂಡಿಂಗ್ ಅಂಗಡಿಯೊಳಗಿಂದ
ಜರ್ಮನಿಯ ನೌಕರಿಗೆ ಮಾತಾಡಿದೆ.
ಮನೆಯಲ್ಲಿ ನೆಟ್‌ವರ್ಕ್ ಹತ್ತುವುದಿಲ್ಲ. ಇಲ್ಲಿ ಹತ್ತುತ್ತದೆ,
ಜೊತೆಗೆ ವಾರ್ನಿಶಿನ ನಾತ. ಅದು ಅಲ್ಲಿಯವರೆಗೆ
ಹೋಗುವುದಿಲ್ಲ, ಪುಣ್ಯ.

ತೆರೆಯ ಮೇಲೆ ಮೂವರು. ನಡುವಿನಾಕೆ ಕೇಳಿದಳು:
ನೀನು ಕೈಯಾರೆ ಮಾಡಿದ ಮೊದಲ ಮಾದರಿ ಯಾವುದು?

ಕಾಲೇಜಿನ ಪ್ರಾಜೆಕ್ಟನ್ನು ಬಾಯಿಪಾಠ ಮಾಡಿಟ್ಟಿದ್ದೆ.
ಬಾಯಿಗೆ ಬಂದದ್ದು ಬೇರೆ.
ವಯಸ್ಸು ಹನ್ನೆರಡು. ಸೈಕಲ್ಲಿನ ಕಡ್ಡಿ, ಟೇಪ್ ರಿಕಾರ್ಡರಿನ ಮೋಟರು,
ಕೆಮ್ಮಿನ ಔಷಧಿಯ ಮುಚ್ಚಳ:
ನೂಲು ಹರಿದರೆ ಮಗ್ಗ ನಿಲ್ಲಿಸುವ ಒಂದು ಬೆರಳು.
ನರಸಮ್ಮ ಯೆಲ್ದಿಯ ಚಾದರದ ಮಗ್ಗಕ್ಕೆ ಕಟ್ಟಿದೆ.
ಹರಿದಾಗ ನಿಲ್ಲಲಿಲ್ಲ.
ಹರಿಯದಿದ್ದಾಗ ನಿಂತಿತು, ತಾಸಿಗೆ ಹದಿನಾಲ್ಕು ಸಲ.
ಆಕೆ ತೆಲುಗಿನಲ್ಲಿ ಬೈದಳು, ಮರಾಠಿಯಲ್ಲಿ ಬೈದಳು,
ಬೈಗುಳ ಸಾಲದಾದಾಗ ಕನ್ನಡಕ್ಕೆ ಬಂದಳು.

ಯಾಕೆ ಕೆಟ್ಟಿತು? ಎಂದರು. ಅಷ್ಟರಲ್ಲಿ ಕರೆಂಟು ಹೋಯಿತು.
ನೂಲಿನ ಧೂಳು, ಅಂದೆ ಕತ್ತಲಲ್ಲಿ. ಕಾಂಟ್ಯಾಕ್ಟಿನ ಮೇಲೆ ಕೂತಿತ್ತು.
ಗೊತ್ತಾಗಲು ಮೂರು ವಾರ ಬೇಕಾಯಿತು.
ಮಿಸ್ತ್ರಿ ಸದ್ದಿಲ್ಲದೆ ಎದ್ದು ಬಂದು
ಮೊಬೈಲಿನ ಬೆಳಕು ನನ್ನ ಮುಖಕ್ಕೆ ಹಿಡಿದ,
ಕೈ ಎತ್ತಿದವನು ಹನ್ನೊಂದು ನಿಮಿಷ ಇಳಿಸಲಿಲ್ಲ.

ಪತ್ರ ಬಂದ ದಿನ ಅವ್ವ ಬೀಡಿಯ ಎಲೆ ಕತ್ತರಿಸುತ್ತಿದ್ದಳು.
"ಕೆಲಸ ಎಂಥಾದ್ದು?"
ಮೂಲಮಾದರಿ ತಯಾರಿಕೆ, ಅಂದೆ. ಆಕೆಗದು
ಸರಕಾರಿ ಆಫೀಸಿನ ಬೋರ್ಡು ಓದಿದಂತೆ ಕೇಳಿಸಿತು.
"ಖರೇ ಮಿಶನ್ ಮಾಡೂಕಿಂತ ಮೊದಲ ಒಂದು ಸುಳ್ಳ ಮಿಶನ್ ಮಾಡ್ತಾರವ್ವ.
ಅದನ್ನ ಓಡಿಸಿ, ಒದ್ದು, ನೀರಾಗ ಮುಳುಗಿಸಿ ನೋಡ್ತಾರ."
"ಸುಟ್ಟರ?"
"ಯಾಕ ಸುಡ್ತು ಅಂತ ಬರಕೊಂಡು ಇನ್ನೊಂದು ಮಾಡೂದು."
"ಅದಕ್ಕ ಪಗಾರ ಕೊಡ್ತಾರೇನು?"
"ಅದಕ್ಕ ಕೊಡ್ತಾರ."
ದಾರ ಸುತ್ತುವ ಬೆರಳು ನಿಂತಿತು.
ಮೂವತ್ತು ವರ್ಷ ಕಂಪನಿಯವರು ಛಾಟು ಹೊಡೆದು
ತಿರುಗಿ ಎಸೆದ ಬೀಡಿಗಳನ್ನು ಎಣಿಸುತ್ತಿದ್ದಳೋ ಏನೋ.
ಒಂದಕ್ಕೂ ಯಾರೂ ಬರೆದುಕೊಂಡಿರಲಿಲ್ಲ, ಯಾಕೆಂದು.

ಪಾವಟಿಗೆಯ ಮೇಲಿದ್ದ ಬಾಜೂ ಮನೆಯ ಈರಮ್ಮ, ಏಳು ವರ್ಷ,
"ಹಂಗಾದ್ರ ಅದು ಕಚ್ಚಾ ಲಿಂಬಿಕಾಯಿ" ಅಂದಳು.
ಲಗೋರಿಯಲ್ಲಿ ಆಕೆ ಅದೇ. ಎಲ್ಲರ ಜೊತೆ ಓಡುತ್ತಾಳೆ,
ಚೆಂಡು ಬೆನ್ನಿಗೆ ಬಿದ್ದರೂ ಔಟಾಗುವುದಿಲ್ಲ.
ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಕರಾರಿನ ಎರಡನೇ ಪುಟ ತೆಗೆದು ನೋಡಿದೆ:
ಮೊದಲ ಆರು ತಿಂಗಳು ನಾನೂ ಅದೇ.

ಮಿಸ್ತ್ರಿ ಕೊಟ್ಟದ್ದು ಒಂದು ಬಿದಿರಿನ ಚೂರು,
ಸ್ಟೇಟರಿನ ಸ್ಲಾಟಿಗೆ ತಂತಿ ಕೂರಿಸುವುದು,
ಹೆಬ್ಬೆಟ್ಟಿನ ಜಾಗ ಸವೆದು ತಗ್ಗಾದದ್ದು.
ಕಬ್ಬಿಣ ತಾಮ್ರದ ಮೈ ಗೀರುತ್ತದೆ, ಬಿದಿರು ಗೀರುವುದಿಲ್ಲ.
"ಅಲ್ಲಿ ಪ್ಲಾಸ್ಟಿಕ್ಕಿನವು ಸಿಗ್ತಾವ್ರಿ ಚಾಚಾ."
"ಸಿಗಲಿ."
ತಾಮ್ರ ತೂಗುವ ತಕ್ಕಡಿಯಲ್ಲಿಟ್ಟು ನೋಡಿದೆ, ಒಂಬತ್ತು ಗ್ರಾಂ.
ವಿಮಾನ ನಿಲ್ದಾಣದ ಕಮಾನು ಇದಕ್ಕೆ ಕೂಗುವುದಿಲ್ಲ.

ನಾಳೆ ಮುಂಬಯಿಯ ರೈಲು.
ಹೇಳಿ ಬರೋಣವೆಂದು ನರಸಮ್ಮನ ಶೆಡ್ಡಿಗೆ ಹೋದೆ.
ನಾಲ್ಕು ಮಗ್ಗ ಒಟ್ಟಿಗೆ ಬಡಿಯುವಲ್ಲಿ ಹೇಳುವುದೇನು,
ತುಟಿ ಆಡಿಸಿದೆ, ಆಕೆಯೂ ಆಡಿಸಿದಳು.
ಮೂರನೆಯ ಮಗ್ಗದ ಚೌಕಟ್ಟಿಗೆ
ನನ್ನ ಸೈಕಲ್ ಕಡ್ಡಿ ಇನ್ನೂ ಹಾಗೇ ಕಚ್ಚಿಕೊಂಡಿದೆ.
ಏನನ್ನೂ ನಿಲ್ಲಿಸುವುದಿಲ್ಲ.
ಅದಕ್ಕೆ ಆಕೆ ಕನ್ನಡಕ ನೇತುಹಾಕುತ್ತಾಳೆ.